ಅಡಕೆ ಸಲಕೆಯ ಮುಚ್ಚಿಗೆ: ನಮ್ಮ ಮಲಗುವ ಕೋಣೆಗೆ ನಾನೇ ಮಾಡಿದ್ದು

ಮೂರು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ನನಗೆ ಡೆಂಗಿ ಬಂತು. 11 ದಿನ ಮಲಗಿದ್ದಲ್ಲೇ. ಫೋನು ನೋಡಿದರೆ ತಲೆನೋವು, ಪುಸ್ತಕ ಹಿಡಿದರೆ ಕೈನೋವು. ನೋಡಲಿಕ್ಕೆ ಉಳಿದದ್ದು ಸೀಲಿಂಗ್ ಒಂದೇ. ಮೂಲೆಯಲ್ಲಿ ಒಂದು ಒದ್ದೆ ಕಲೆ ಇತ್ತು. ಮೊದಲ ದಿನ ಅದು ಕಪ್ಪೆಯ ಹಾಗೆ ಕಂಡಿತು, ನಾಲ್ಕನೇ ದಿನಕ್ಕೆ ಎಮ್ಮೆಯಾಗಿತ್ತು. ಅದರ ಪಕ್ಕ ಮಗ ಎಂದೋ ಅಂಟಿಸಿದ ಹೊಳೆಯುವ ನಕ್ಷತ್ರಗಳು.

ಆ ನಕ್ಷತ್ರಗಳದ್ದೇ ಒಂದು ಕತೆ. ಹೇಗೂ ಅಂಟಿಸುತ್ತೀ, ಸಪ್ತರ್ಷಿ ಮಂಡಲವನ್ನೇ ಮಾಡು ಅಂತ ಹೇಳಿದವಳು ನಾನೇ. ಟೀಚರ್ ಅಲ್ವಾ, ಸುಮ್ನೆ ಇರಲಿಕ್ಕಾಗುವುದಿಲ್ಲ. ನೆಲದ ಮೇಲೆ ರಟ್ಟು ಹಾಸಿ, ಪುಸ್ತಕ ನೋಡಿ ಸರಿಯಾಗಿಯೇ ಜೋಡಿಸಿದೆವು. ಜಾಗ ಗುರುತಿಗೆ ರಟ್ಟಿನಲ್ಲಿ ತೂತು ಮಾಡಿ, ಅದನ್ನು ಮಗುಚದೆ ಹಾಗೆಯೇ ಎತ್ತಿ ಸೀಲಿಂಗಿಗೆ ಹಿಡಿದು ಪೆನ್ಸಿಲ್ ಗುರುತು ಹಾಕಿದೆವು. ಮಗುಚದಿದ್ದರೆ ಕೆಳಗಿನಿಂದ ನೋಡುವಾಗ ಎಡ ಬಲವಾಗುತ್ತದೆ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ನಮ್ಮ ಮನೆಯ ಸಪ್ತರ್ಷಿಗಳು ಇಂದಿಗೂ ಕನ್ನಡಿಯೊಳಗಿನ ಋಷಿಗಳೇ.

ಗುಣವಾದ ಮೇಲೆ ಈ ಸೀಲಿಂಗಿಗೆ ಏನಾದರೂ ಮಾಡಲೇಬೇಕು ಅಂತ ಹಟ ಹಿಡಿಯಿತು. ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಹೂವಿನ ಅಚ್ಚಿರುವ ಥರ್ಮೋಕೋಲ್ ಹಲಗೆ ತಂದು ಗಮ್ ಹಚ್ಚಿ ಅಂಟಿಸಿದೆ. ಬೇಸಿಗೆಯಲ್ಲಿ ಚಂದವೇ ಇತ್ತು. ನೀರ್ಚಾಲಿನ ಹತ್ತಿರದ ನಮ್ಮ ಮನೆ ಸುತ್ತ ತೋಟ, ಕೆಳಗೆ ತೋಡು, ಅಂದರೆ ಸಣ್ಣ ಹಳ್ಳ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗೋಡೆಗೇ ಬೂಸರು ಬರುವ ಜಾಗದಲ್ಲಿ ಗಮ್ ಎಷ್ಟು ದಿನ ಹಿಡಿದೀತು? ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಂದು ರಾತ್ರಿ ಟಪ್ ಎಂದು ಒಂದು ಹಲಗೆ ನನ್ನ ಗಂಡನ ಮುಖದ ಮೇಲೆ. ಬೆಳಿಗ್ಗೆಗೆ ಇನ್ನೂ ಮೂರು. ಬಿದ್ದ ಹಲಗೆಗಳ ಬೆನ್ನು ನೋಡಿದರೆ ಕಪ್ಪಗೆ ಬೂಸರು. ಥರ್ಮೋಕೋಲ್‌ಗೆ ಬೆಂಕಿ ಹಿಡಿದರೆ ಉರಿಯುತ್ತಾ ಕರಗಿ ತೊಟ್ಟಿಕ್ಕುತ್ತದೆ ಎನ್ನುವುದೂ ಆಮೇಲೆ ತಲೆಗೆ ಹೋಯಿತು. ಎಲ್ಲ ಕಿತ್ತು ಹಾಕಿದೆ.

ಅತ್ತೆ ಅಡಕೆ ಸುಲಿಯುತ್ತಾ ಹೇಳಿದರು: "ಹಳೆ ಮನೆಯಲ್ಲಿ ಮುಚ್ಚಿಗೆ ಇರ್ಲಿಲ್ವಾ? ಅದು ಯಾರ ತಲೆ ಮೇಲೂ ಬೀಳ್ಲಿಲ್ಲ."

ಹಳೆ ಮನೆಯದ್ದು ಹಲಸಿನ ಹಲಗೆಯ ಮುಚ್ಚಿಗೆ, ಅಂದರೆ ಮರದ ಸೀಲಿಂಗ್. ಮೇಲೆ ಹಂಚು, ನಡುವೆ ಅಟ್ಟ. ಅಟ್ಟದಲ್ಲಿ ಒಳ್ಳೆಮೆಣಸು, ಸೌತೆಕಾಯಿ, ಬೇಡವಾದ ಪಾತ್ರೆ. ಹಂಚಿನ ಬಿಸಿ ಅಟ್ಟದಲ್ಲೇ ನಿಲ್ಲುತ್ತಿತ್ತು, ಸಂದಿನಲ್ಲಿ ಗಾಳಿ ಓಡಾಡುತ್ತಿತ್ತು. ನಮ್ಮೂರ ಕಡೆ ಈ ಹಂಚೇ ಹಳೆಯ ನೆಂಟ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಮನೆ ಬಿಚ್ಚಿ ತಾರಸಿ ಹಾಕಿದಾಗ ಮುಚ್ಚಿಗೆಯನ್ನು ಮಾರಿದೆವು. ಈಗ ಹಲಸಿನ ಹಲಗೆ ಕೊಂಡು ಹೊಸದಾಗಿ ಮಾಡಿಸಲಿಕ್ಕೆ ನಮ್ಮ ಕೈಲಾಗದು. ಆದರೆ ಅತ್ತೆಯ ಮಾತಿನಿಂದ ಒಂದು ವಿಷಯ ಗಟ್ಟಿಯಾಯಿತು. ಇಲ್ಲಿ ಸೀಲಿಂಗಿಗೆ ಏನೇ ಮಾಡಿದರೂ ಅದರ ಬೆನ್ನಿಗೆ ಗಾಳಿ ತಾಗಬೇಕು. ಅಂಟಿಸಿದರೆ ಕೆಟ್ಟಿತು.

ಇನ್ನೊಂದು ದಿನ ಶಾಲೆಯ ಮಕ್ಕಳನ್ನು ನಮ್ಮ ಕಾಸರಗೋಡಿನ ಅನಂತಪುರಕ್ಕೆ ಕರಕೊಂಡು ಹೋಗಿದ್ದೆ. ಕೆರೆಯ ನಡುವಿನ ದೇವಸ್ಥಾನಕ್ಕೆ ಬಂದವರೆಲ್ಲ ಮೊಸಳೆ ಹುಡುಕಿ ನೀರು ನೋಡುತ್ತಾರೆ. ಮಂಟಪದಲ್ಲಿ ತಲೆ ಎತ್ತಿ ನೋಡುವವರು ಕಮ್ಮಿ. ಅಲ್ಲಿ ಮರದ ಮುಚ್ಚಿಗೆಯ ತುಂಬ ದಶಾವತಾರದ ಕೆತ್ತನೆ ಇದೆ, ಕೆಲವಕ್ಕೆ ಬಣ್ಣವೂ ಇದೆ. ಕೆತ್ತಲಿಕ್ಕೆ ನನಗೆ ಬಾರದು. ಆದರೆ ಮೇಲೆ ಮರ ಇದ್ದರೆ ಕೋಣೆ ಎಷ್ಟು ತಂಪಾಗಿ ಕಾಣುತ್ತದೆ ಎನ್ನುವುದು ಮನಸ್ಸಲ್ಲಿ ಕೂತಿತು.

ನಮ್ಮಲ್ಲಿರುವ ಮರ ಅಡಕೆ ಮರ. ಫಸಲು ನಿಂತ ಎರಡು ಮುದಿ ಮರಗಳನ್ನು ಹೇಗೂ ಕಡಿಯಲಿಕ್ಕಿತ್ತು. ಅವನ್ನೇ ಸೀಳಿ ಸಲಕೆ, ಅಂದರೆ ಉದ್ದನೆಯ ಪಟ್ಟಿ, ಮಾಡಿ ಮುಚ್ಚಿಗೆ ಕಟ್ಟುವುದು ಎಂದುಕೊಂಡೆ.

ಕೆಲಸಕ್ಕೆ ಮೊದಲು ಸೋರಿಕೆ ಪರೀಕ್ಷೆ. ಒದ್ದೆ ಕಲೆ ಇರುವಲ್ಲಿ ಒಂದು ಅಡಿ ಪ್ಲಾಸ್ಟಿಕ್ ಹಾಳೆ ಹಿಡಿದು ನಾಲ್ಕೂ ಬದಿಗೆ ಟೇಪ್ ಅಂಟಿಸಿ ಒಂದು ದಿನ ಬಿಟ್ಟೆ. ಹಾಳೆಯ ಮೇಲ್ಮೈಯಲ್ಲಿ, ಅಂದರೆ ತಾರಸಿಯ ಬದಿಯಲ್ಲಿ, ನೀರಿನ ಹನಿ ಕಂಡರೆ ಕಾಂಕ್ರೀಟಿನಿಂದ ತೇವ ಬರುತ್ತಿದೆ ಎಂದರ್ಥ. ಕೋಣೆಯ ಬದಿಯಲ್ಲಿ ಕಂಡರೆ ಅದು ಕೋಣೆಯ ಗಾಳಿಯದ್ದು. ನಮ್ಮದು ತಾರಸಿಯದ್ದೇ. ಮೇಲೆ ಹೋಗಿ ಪಾಚಿ ಕೆರೆಸಿ, ಬಿರುಕು ತುಂಬಿಸಿದೆವು. ಮರುವರ್ಷ ಅಡಕೆ ಒಣಗಿಸಲಿಕ್ಕೆ ಬೇಕೆಂದು ಇವರು ತಾರಸಿಗೆ ಶೀಟು ಹಾಕಿಸಿದ ಮೇಲೆ ಎಮ್ಮೆ ಪೂರ್ತಿ ಹೋಯಿತು.

ಈಗ ಲೆಕ್ಕ. ಕೋಣೆ 12 ಅಡಿಗೆ 10 ಅಡಿ. ಇಡೀ ಸೀಲಿಂಗ್ ಮುಚ್ಚುವ ಆಸೆ ಬಿಟ್ಟೆ. ನಡುವೆ ಫ್ಯಾನ್ ಇದೆ. ಅದರ ರೆಕ್ಕೆ ಮತ್ತು ಸೀಲಿಂಗಿನ ನಡುವೆ ಒಂದು ಅಡಿಯಾದರೂ ಬಿಡುವು ಇಲ್ಲದಿದ್ದರೆ ಗಾಳಿ ಬರುವುದಿಲ್ಲ. ಹಾಗಾಗಿ ಮಂಚದ ಮೇಲೆ, ಗೋಡೆಗೆ ತಾಗಿದ ಹಾಗೆ, 10 ಅಡಿ ಉದ್ದ 4 ಅಡಿ ಅಗಲದ ಒಂದು ಪಟ್ಟಿ ಮಾತ್ರ. ಸಲಕೆ ಒಂದೂಕಾಲು ಇಂಚು ಅಗಲ, ನಡುವೆ ಮುಕ್ಕಾಲು ಇಂಚು ಸಂದು. 10 ಅಡಿಗೆ 60 ಸಲಕೆ. ಇದನ್ನು 12 ಸಲಕೆಯ ಐದು ಚೌಕಟ್ಟುಗಳಾಗಿ ನೆಲದಲ್ಲೇ ಮಾಡಿ ಮೇಲೇರಿಸುವುದು. ಒಂದೊಂದೇ ಬಿಚ್ಚಿ ಗುಡಿಸಲಿಕ್ಕೂ ಆಗುತ್ತದೆ.

ಮರ ಸೀಳುವ ಕೆಲಸಕ್ಕೆ ತೋಟದ ಕೆಲಸದವರ ಸಹಾಯ ಬೇಕೇ ಬೇಕು. ಅಡಕೆ ಮರದ ಗಟ್ಟಿ ಇರುವುದು ಹೊರಗಿನ ಸುತ್ತಿನಲ್ಲಿ. ಒಳಗೆ ಮೆತ್ತನೆ ನಾರು. ಬುಡದ 20 ಅಡಿ ಒಳ್ಳೆ ಗಟ್ಟಿ, ತುದಿಗೆ ಹೋದಂತೆ ಜಳ್ಳು. ನಾಲ್ಕು ನಾಲ್ಕು ಅಡಿಗೆ ತುಂಡು ಮಾಡಿ, ತಲೆಗೆ ಕತ್ತಿ ಇಟ್ಟು ಕೊಡತಿಯಿಂದ ಒಂದು ಏಟು ಹಾಕಿದರೆ ಚರ್ ಎಂದು ಉದ್ದಕ್ಕೆ ಬಿಡುತ್ತದೆ. ಆ ಸದ್ದು ಕೇಳಲಿಕ್ಕೆ ಮಗ ಅರ್ಧ ದಿನ ಅಲ್ಲೇ ಕೂತ. ಎರಡು ಮರದಿಂದ 80ರಷ್ಟು ಸಲಕೆ ಸಿಕ್ಕಿತು. ಬೇಕಾದದ್ದು 60, ಉಳಿದ 20 ಹಾಳಾಗುವ ಲೆಕ್ಕಕ್ಕೆ. ನಿಜವಾಗಿ 17 ಹಾಳಾದವು.

ಮೆತ್ತನೆ ಭಾಗವನ್ನು ಪೂರ್ತಿ ಕೆತ್ತಿ ತೆಗೆಯಬೇಕು. ಅದನ್ನು ಉಳಿಸಿದರೆ ಮರ ಕೊರೆಯುವ ಕುಟ್ಟೆ ಹುಳಕ್ಕೆ ಊಟ. ಇಲ್ಲಿ ದಪ್ಪ ಕೈಗವಸು ಹಾಕದೆ ಕೆಲಸ ಮಾಡಬೇಡಿ. ಅಡಕೆಯ ಸಿಬಿರು ಸೂಜಿಗಿಂತ ಕೆಟ್ಟದ್ದು. ಒಳಗೆ ಹೋದರೆ ಮುರಿಯುತ್ತದೆ, ಆಮೇಲೆ ಕೀವು.

ಹೊರಮೈಯ ಪಾಚಿ, ಬೂದಿ ಬಣ್ಣ ಹೋಗುವವರೆಗೆ ಗಾಜಿನ ಚೂರಿನಿಂದ ಹೆರೆದೆ. ಆಮೇಲೆ ಮರಳು ಕಾಗದ. ಆಗ ಒಳಗಿನದ್ದು ಕಾಣಲಿಕ್ಕೆ ಶುರುವಾಯಿತು: ಬೆಣ್ಣೆ ಬಣ್ಣದ ಮೈಯಲ್ಲಿ ಕಪ್ಪು-ಕಂದು ಗೆರೆಗಳು, ಯಾರೋ ಪೆನ್ಸಿಲಿನಲ್ಲಿ ಸಾಲು ಎಳೆದ ಹಾಗೆ. ಅಡಕೆ ಹಾಳೆ ಉದುರಿದ ಬಳೆಗಳ ಗುರುತು ಅಡ್ಡಕ್ಕೆ ಉಳಿಯುತ್ತದೆ. ಅದನ್ನು ಪೂರ್ತಿ ಉಜ್ಜಿ ತೆಗೆಯಬೇಕೆಂದು ಹೊರಟಿದ್ದೆ, ಎರಡು ಸಲಕೆ ಆದ ಮೇಲೆ ಬಿಟ್ಟೆ. ಬಳೆ ಇದ್ದರೇ ಅದು ಅಡಕೆ ಮರ. ಇಲ್ಲದಿದ್ದರೆ ಪ್ಲೈವುಡ್‌ನ ತಮ್ಮ.

ಹುಳಕ್ಕೆ ಹಳಬರ ಮದ್ದು ನೀರು. ಸಲಕೆಗಳನ್ನು ಕಟ್ಟು ಕಟ್ಟಿ ತೋಡಿನಲ್ಲಿ ಕಲ್ಲು ಹೇರಿ ಮೂರು ವಾರ ಮುಳುಗಿಸಿಟ್ಟೆ. ಹುಳಕ್ಕೆ ಬೇಕಾದ ಹಿಟ್ಟಿನ ಅಂಶ ನೀರಿಗೆ ಬಿಡುತ್ತದೆ. ತೆಗೆಯುವಾಗ ನಾತ ಕೇಳಬೇಡಿ. ಅದರ ಮೇಲೆ ಬೋರಾಕ್ಸ್. ತೋಟದವರಿಗೆ ಇದು ಹೊಸತಲ್ಲ, ಎಳೆ ಅಡಕೆ ಒಡೆಯುವುದಕ್ಕೆ ಸಿಂಪಡಿಸುತ್ತೇವಲ್ಲ, ಅದೇ. 100 ಲೀಟರ್ ನೀರಿಗೆ 3 ಕಿಲೋ ಬೋರಾಕ್ಸ್, 2 ಕಿಲೋ ಬೋರಿಕ್ ಆ್ಯಸಿಡ್. ಬಿದಿರಿಗೆ ಮಾಡುವ ಲೆಕ್ಕವೇ ಇದು. ನಾಲ್ಕು ಅಡಿಯ ಸಲಕೆ ಡ್ರಮ್ಮಿನಲ್ಲಿ ಹಿಡಿಯದ ಕಾರಣ ಅಂಗಳದಲ್ಲಿ ಉದ್ದಕ್ಕೆ ಇಟ್ಟಿಗೆ ಇಟ್ಟು, ಟಾರ್ಪಾಲು ಹಾಸಿ ತೊಟ್ಟಿ ಮಾಡಿಕೊಂಡೆ. ಒಂದು ವಾರ ನೆನೆಸಿ ನೆರಳಿನಲ್ಲಿ ಒಣಗಿಸಿದೆ. ಬಿಸಿಲಿಗೆ ಹಾಕಿದ ಐದು ಸಲಕೆ ಬಿಲ್ಲಿನಂತೆ ಬಾಗಿದವು. ಉಳಿದ ನೀರನ್ನು ಒಂದೇ ಬುಡಕ್ಕೆ ಸುರಿಯಬಾರದು, ಬೋರಾನ್ ಜಾಸ್ತಿಯಾದರೆ ಗಿಡ ಸುಡುತ್ತದೆ.

ಚೌಕಟ್ಟುಗಳನ್ನು ಹಿಡಿಯುವ ಮರದ ರೀಪುಗಳಿಗೆ ಮಾತ್ರ ಗೇರೆಣ್ಣೆ ಹಚ್ಚಿದೆ. ಗೇರುಬೀಜದ ಸಿಪ್ಪೆಯ ಈ ಕಪ್ಪೆಣ್ಣೆಯ ಹತ್ತಿರ ಗೆದ್ದಲು ಸುಳಿಯುವುದಿಲ್ಲ. ಮನುಷ್ಯರೂ ಸುಳಿಯಬಾರದು. ಒಂದು ಹನಿ ಮಣಿಕಟ್ಟಿಗೆ ತಾಗಿತು, ಗಮನಿಸಲಿಲ್ಲ. ಮರುದಿನ ಚರ್ಮ ಎದ್ದು ಬಂತು. ಕಲೆ ಇನ್ನೂ ಇದೆ.

ಸ್ಕ್ರೂ ತರಲಿಕ್ಕೆ ಬದಿಯಡ್ಕಕ್ಕೆ ಹೋದಾಗ ಅಂಗಡಿಯಲ್ಲಿದ್ದ ಮಲಯಾಳಿ ಆಚಾರಿಯೊಬ್ಬರು ನನ್ನ ಚೀಟಿ ನೋಡಿ, ಮನೆಗೆ ಬಂದು "ಮಚ್ಚ್" ನೋಡುತ್ತೇನೆ ಎಂದರು. ಮಗ ನನ್ನ ಸೆರಗು ಹಿಡಿದುಕೊಂಡ. ಅವನಿಗೆ ಮಚ್ಚು ಎಂದರೆ ಪೇಪರಿನಲ್ಲಿ ಬರುವ ಮಚ್ಚು. ಮಲಯಾಳದಲ್ಲಿ ಅದು ನಮ್ಮ ಮುಚ್ಚಿಗೆಯೇ ಎಂದು ಹೇಳುವಷ್ಟರಲ್ಲಿ ಅಂಗಡಿಯವರೆಲ್ಲ ನಗುತ್ತಿದ್ದರು. ಆಚಾರಿ ಕೊಟ್ಟ ಬುದ್ಧಿ ಎರಡು. ಕಬ್ಬಿಣದ ಸ್ಕ್ರೂ ಬೇಡ, ಕಡಲ ಗಾಳಿಗೆ ತುಕ್ಕು ಹಿಡಿದು ಮರದ ಮೇಲೆ ಕಪ್ಪು ಕಣ್ಣೀರು ಇಳಿಯುತ್ತದೆ, ಸ್ಟೀಲಿನದ್ದೇ ಹಾಕಿ. ಮತ್ತೆ, ಸಲಕೆಗೆ ಮೊಳೆ ಹೊಡೆಯಲೇಬೇಡಿ. ನಾನು ಮನೆಗೆ ಬಂದು ಒಂದಕ್ಕೆ ಹೊಡೆದು ನೋಡಿದೆ. ಆ ಕಡೆಯಿಂದ ಈ ಕಡೆವರೆಗೆ ಸೀಳಿತು. ಆಮೇಲೆ ಪ್ರತಿಯೊಂದಕ್ಕೂ 3 ಮಿಲಿಮೀಟರ್ ತೂತು ಕೊರೆದು ಸ್ಕ್ರೂ ಹಾಕಿದೆ.

ತಾರಸಿ ಕೊರೆಯುವಾಗ ಹೆದರಿಕೆ ಇದ್ದದ್ದು ಕರೆಂಟಿನದ್ದು. ಫ್ಯಾನಿನಿಂದ ಸ್ವಿಚ್ ಬೋರ್ಡಿನ ಕಡೆಗೆ ಕಾಂಕ್ರೀಟಿನ ಒಳಗೇ ವಯರಿನ ಪೈಪು ಹೋಗಿರುತ್ತದೆ. ಆ ದಾರಿಯನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ, ಎರಡೂ ಕಡೆ ಒಂದೊಂದು ಅಡಿ ಬಿಟ್ಟೆ. ಕೋಣೆಯ ಲೈನ್ ಆಫ್ ಮಾಡಿ, ಡ್ರಿಲ್ಲಿಗೆ ಹಾಲ್‌ನಿಂದ ವಯರ್ ಎಳೆದುಕೊಂಡೆ. 6 ಮಿಲಿಮೀಟರ್ ಬಿಟ್, ಎರಡು ಇಂಚು ಆಳ. ನಡುವೆ ಸರಳು ಸಿಕ್ಕಿದರೆ ಬಿಟ್ ಕಿರುಚುತ್ತದೆ, ಹಟ ಮಾಡದೆ ಒಂದು ಇಂಚು ಪಕ್ಕಕ್ಕೆ ಸರಿಯುವುದು.

ಮೊದಲ ತೂತಿಗೇ ಸಿಮೆಂಟ್ ಹುಡಿ ಕಣ್ಣು, ಮೂಗು, ಬಾಯಿಗೆಲ್ಲ. ಕನ್ನಡಕ ಇದ್ದರೂ ಸಾಕಾಗಲಿಲ್ಲ. ಆಗ ಅತ್ತೆ ಅಡಿಗೆಮನೆಯಿಂದ ಒಂದು ತೆಂಗಿನ ಗೆರಟೆ ತಂದುಕೊಟ್ಟರು. ಕಣ್ಣಿರುವ ಅರ್ಧ. ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದಲ್ಲ, ಅದರ ಮೂಲಕ ಬಿಟ್ ತೂರಿಸಿ, ಗೆರಟೆಯ ಬಾಯಿಯನ್ನು ಸೀಲಿಂಗಿಗೆ ಒತ್ತಿ ಹಿಡಿಯುವುದು. ಹುಡಿಯೆಲ್ಲ ಗೆರಟೆಯೊಳಗೆ ಬೀಳುತ್ತದೆ. ಹದಿನಾಲ್ಕು ತೂತು ಕೊರೆದು ನೆಲ ಗುಡಿಸಿದಾಗ ಒಂದು ಹಿಡಿ ಹುಡಿಯೂ ಸಿಗಲಿಲ್ಲ. "ಎಂತ ದೊಡ್ಡ ವಿಷಯ" ಎಂದು ಅತ್ತೆ ಟಿವಿ ಮುಂದೆ ಹೋಗಿ ಕೂತರು.

ಸೀಲಿಂಗಿನ ಆ ಪಟ್ಟಿಗೆ ಮೊದಲೇ ಕಡು ನೀಲಿ ಬಣ್ಣ ಹೊಡೆದಿದ್ದೆ, ಸಂದಿನಲ್ಲಿ ಸಿಮೆಂಟ್ ಕಾಣಬಾರದು ಎಂದು. ಉದ್ದಕ್ಕೆ ಮೂರು ರೀಪು, ಅವುಗಳ ಅಡಿಯಲ್ಲಿ ಚೌಕಟ್ಟುಗಳು. ರೀಪು ಮತ್ತು ತಾರಸಿಯ ನಡುವೆ ಮರದ ತುಂಡು ಇಟ್ಟು ಎರಡು ಇಂಚು ಬಿಡುವು ಕೊಟ್ಟೆ, ಗಾಳಿ ಓಡಾಡಲಿ ಎಂದು. ಅಡಕೆ ತೂಗುವ ತಕ್ಕಡಿಯಲ್ಲಿ ಒಂದು ಚೌಕಟ್ಟು ಐದೂವರೆ ಕಿಲೋ ಬಂತು. ಎತ್ತಿ ಹಿಡಿಯಲಿಕ್ಕೆ ಇಬ್ಬರು, ಸ್ಕ್ರೂ ತಿರುಗಿಸಲಿಕ್ಕೆ ಒಬ್ಬರು. ಇವರು ಹಿಡಿದವರು, ನಾನು ತಿರುಗಿಸಿದವಳು. ಮೂರನೆಯವನು ಮಗ. ಅವನು ಮಾಡಿದ್ದು ಮಾತಾಡುವ ಕೆಲಸ.

ಗೋಡೆಯ ಬದಿಗೆ, ಸಲಕೆಯ ಮೇಲೆ ಅಡಗಿಸಿ, ಹಳದಿ ಬೆಳಕಿನ ಎಲ್‌ಇಡಿ ಪಟ್ಟಿ ಇಟ್ಟಿದ್ದೇನೆ. ಅದರ ಅಡಾಪ್ಟರ್ ಬಿಸಿಯಾಗುತ್ತದೆ, ಹಾಗಾಗಿ ಅದು ಮುಚ್ಚಿಗೆಯ ಹೊರಗೆ, ಕೈಗೆ ಸಿಗುವಲ್ಲೇ ಇದೆ. ರಾತ್ರಿ ಹಚ್ಚಿದರೆ ಸಲಕೆಯ ನೆರಳು ಗೋಡೆಯ ಮೇಲೆ ಸಾಲಾಗಿ ಇಳಿಯುತ್ತದೆ. ಬಣ್ಣ, ವಾರ್ನಿಶ್, ಸ್ಕ್ರೂ, ರೀಪು, ಲೈಟು, ಕೂಲಿ ಎಲ್ಲ ಸೇರಿ 7,200 ರೂಪಾಯಿ ಆಯಿತು. ಮರದ ಬೆಲೆ ಹಾಕಿಲ್ಲ.

ಇದನ್ನು ನೋಡಿ ಅತ್ತೆಗೂ ಆಸೆಯಾಯಿತು. ದೇವರ ಕೋಣೆಗೆ ತಮ್ಮ ಹಳೆಯ ಕಾಸರಗೋಡು ಸೀರೆಯೊಂದನ್ನು ಮೇಲ್ಕಟ್ಟು ಮಾಡಿಸಿಕೊಂಡರು. ಅದು ಒಂದು ಗಂಟೆಯ ಕೆಲಸ: ನಾಲ್ಕು ಮೂಲೆಗೆ ಕೊಕ್ಕೆ, ಅಂಚಿಗೆ ತೆಳು ಹಗ್ಗ. ದೀಪ ಮಾತ್ರ ಅದರ ನೇರ ಅಡಿಯಲ್ಲಿ ಬೇಡ ಎಂದು ಪಕ್ಕಕ್ಕೆ ಸರಿಸಿದೆ. ಅದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಎರಡು ಮಳೆಗಾಲ ಕಳೆದಿದೆ. ಕಿಟಕಿಯ ಹತ್ತಿರದ ನಾಲ್ಕು ಸಲಕೆಗೆ ಬೂಸರು ಬಂದಿತ್ತು, ವಿನೆಗರ್ ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಹಲ್ಲಿಯೊಂದು ಸಂಸಾರ ಹೂಡಿದೆ. ಈ ವರ್ಷ ದಿಂಬಿನ ಮೇಲೆ ಹಿಟ್ಟಿನಂಥ ಹುಡಿ ಬೀಳಲಿಕ್ಕೆ ಶುರುವಾಯಿತು. ಮೇಲೆ ನೋಡಿದರೆ ಒಂದು ಸಲಕೆಯಲ್ಲಿ ಗುಂಡುಸೂಜಿಯಷ್ಟು ತೂತುಗಳು, ಕುಟ್ಟೆ. ಲೆಕ್ಕ ಹಾಕಿದರೆ, ಕೊನೆಗೆ ನೆನೆಸಿದ್ದರಲ್ಲಿ ಒಂದು ಕಮ್ಮಿ ಬಿತ್ತೆಂದು, ಮಿಕ್ಕವುಗಳಿಂದ ತೆಗೆದು ತೋಡಿನಲ್ಲಿ ನೆನೆಸದೆ ಹಾಕಿದ್ದು ಅದೊಂದನ್ನೇ. ಚೌಕಟ್ಟು ಇಳಿಸಿ ಅದನ್ನು ಒಲೆಗೆ ಹಾಕಿ, ಮಿಕ್ಕಿದ್ದ ಮೂರರಲ್ಲಿ ಒಂದನ್ನು ಮೂರು ವಾರ ನೆನೆಸಿ ಜೋಡಿಸಿದೆ. ಉಳಿದವೆಲ್ಲ ಈಗ ಜೇನಿನ ಬಣ್ಣಕ್ಕೆ ತಿರುಗಿವೆ, ಇದು ಇನ್ನೂ ಬೆಣ್ಣೆಯ ಬಣ್ಣದಲ್ಲೇ ಇದೆ. ಮಲಗಿದ ಕೂಡಲೇ ಕಣ್ಣು ಹೋಗುವುದು ಅದಕ್ಕೇ.