ಅರ್ಜಿ ಯಾರ ಬಾಗಿಲಿಗೆ: ಬೆಂಗಳೂರಿಗೋ, ದೆಹಲಿಗೋ?

ಬಳ್ಳಾರಿ, ರಾಯಚೂರು, ಕೊಪ್ಪಳದ ಯಾವ ಕಚೇರಿಗೆ ಹೋದರೂ ಕಿವಿಗೆ ಬೀಳುವ ಮಾತು: "ಇದು ನಮ್ಮ ವ್ಯಾಪ್ತಿಗೆ ಬರಲ್ಲ." ಕೆಲವು ಸಲ ಅದು ನಿಜ, ಕೆಲವು ಸಲ ಸಾಗಹಾಕುವ ದಾರಿ. ಯಾವುದು ಯಾವುದೆಂದು ಅರ್ಜಿ ಬರೆಯುವ ಮೊದಲೇ ತಿಳಿದಿರಬೇಕು.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ, ರಾಜ್ಯ, ಸಮವರ್ತಿ (ಇಬ್ಬರೂ ಕಾನೂನು ಮಾಡಬಹುದಾದ ವಿಷಯಗಳದು) ಎಂದು ಮೂರು ಪಟ್ಟಿಗಳಿವೆ. ಅದನ್ನಷ್ಟೇ ನಂಬಿಕೊಂಡು ಹೊರಡಬೇಡಿ, ಪಟ್ಟಿಯೇ ಜಾರುತ್ತಿರುತ್ತದೆ. 1976ರ 42ನೇ ತಿದ್ದುಪಡಿ ಶಿಕ್ಷಣ, ಅರಣ್ಯ ಸೇರಿ ಐದು ವಿಷಯಗಳನ್ನು ರಾಜ್ಯದ ಕೈಯಿಂದ ತೆಗೆದು ಸಮವರ್ತಿ ಪಟ್ಟಿಗೆ ಹಾಕಿತು. ಅಲ್ಲಿ ಎರಡು ಕಾನೂನು ಡಿಕ್ಕಿ ಹೊಡೆದರೆ 254ನೇ ವಿಧಿಯಂತೆ ಸಾಮಾನ್ಯವಾಗಿ ಸಂಸತ್ತಿನದೇ ನಿಲ್ಲುತ್ತದೆ. ಹಾಗಾಗಿ ಮೂರು ಪ್ರಶ್ನೆ ಹಾಕಿಕೊಳ್ಳಿ: ಕಾನೂನು ಯಾರದು? ದುಡ್ಡು ಯಾರದು? ಸಹಿ ಹಾಕುವ ಅಧಿಕಾರಿಗೆ ಸಂಬಳ ಕೊಡುವವರು ಯಾರು? ಮೂರಕ್ಕೂ ಒಂದೇ ಉತ್ತರ ಸಿಕ್ಕರೆ ಕೆಲಸ ಸಲೀಸು. ನಮ್ಮ ಕಡೆ ಹಾಗೆ ಸಿಗುವುದು ಅಪರೂಪ.

ಗಣಿಯನ್ನೇ ನೋಡಿ. ಸಂಡೂರಿನ ಕಬ್ಬಿಣದ ಅದಿರಿಗೆ 1957ರ ಕೇಂದ್ರದ ಗಣಿ ಮತ್ತು ಖನಿಜ (ಎಂಎಂಡಿಆರ್) ಕಾಯ್ದೆ ಅನ್ವಯಿಸುತ್ತದೆ. ಗಣಿಗಾರರು ಅದಿರಿಗೆ ಕಟ್ಟುವ ರಾಯಧನದ (ರಾಯಲ್ಟಿ) ದರ ಗೊತ್ತುಮಾಡುವುದು ಕೇಂದ್ರ, ಹಣ ಬಂದು ಬೀಳುವುದು ರಾಜ್ಯದ ಖಜಾನೆಗೆ, ಗುತ್ತಿಗೆಯ ಹರಾಜು ನಡೆಸುವುದೂ ರಾಜ್ಯವೇ. ಅರಣ್ಯಭೂಮಿಯಾದರೆ ಕೇಂದ್ರದ ಅನುಮತಿ ಬೇರೆ. ಆದರೆ ತುಂಗಭದ್ರೆಯ ಮರಳು, ಕುಷ್ಟಗಿಯ ಗ್ರಾನೈಟ್ ಉಪಖನಿಜಗಳು. ಅದೇ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಅವುಗಳ ನಿಯಮ ಮಾಡುವುದು ರಾಜ್ಯ. ಅಕ್ರಮ ಮರಳಿನ ದೂರನ್ನು ದೆಹಲಿಗೆ ಕಳಿಸಿ ಕೂತರೆ ಅದು ಸುತ್ತಿ ಬಳಸಿ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೇ ಬರುತ್ತದೆ, ಅಷ್ಟರಲ್ಲಿ ಲಾರಿಗಳು ಹೋಗಿರುತ್ತವೆ.

ಗಣಿಬಾಧಿತ ಊರಿಗೆ ಕುಡಿಯುವ ನೀರು, ಆಸ್ಪತ್ರೆ ಕೇಳುವುದಾದರೆ ಜಿಲ್ಲಾ ಖನಿಜ ಪ್ರತಿಷ್ಠಾನ, ಅಂದರೆ ಡಿಎಂಎಫ್ ಹೆಸರಿಗೆ ಬರೆಯಿರಿ. ಅದೇ ಎಂಎಂಡಿಆರ್ ಕಾಯ್ದೆಯ 2015ರ ತಿದ್ದುಪಡಿಯಿಂದ ಹುಟ್ಟಿದ್ದಿದು. ಹಳೆಯ ಗುತ್ತಿಗೆದಾರರು ರಾಯಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇ 10ರಷ್ಟನ್ನು ರಾಯಧನದ ಮೇಲೆ ಇದಕ್ಕೆ ಕಟ್ಟಬೇಕು. ಪ್ರತಿಷ್ಠಾನ ಜಿಲ್ಲೆಯದೇ. ಆದರೆ ಹಣ ಹೇಗೆ ಖರ್ಚಾಗಬೇಕೆಂದು ನಿರ್ದೇಶಿಸುವ ಅಧಿಕಾರವನ್ನು 2021ರಲ್ಲಿ ಕೇಂದ್ರ ತನ್ನಲ್ಲಿ ಇಟ್ಟುಕೊಂಡಿತು. ಆದ್ದರಿಂದ ಮನವಿಯಲ್ಲಿ ಕಾಮಗಾರಿಯ ಹೆಸರಷ್ಟೇ ಸಾಲದು. ಅದು ಕೇಂದ್ರದ ಮಾರ್ಗಸೂಚಿಯ ಆದ್ಯತೆಯ ವಲಯಕ್ಕೆ ಸೇರುತ್ತದೆಂದೂ, ಊರಿಂದ ಗಣಿ ಎಷ್ಟು ದೂರವೆಂದೂ ಬರೆಯಿರಿ. ಸಮುದಾಯ ಭವನ ಕೇಳಿದವರ ಕಡತ ಬಿದ್ದುಕೊಳ್ಳುವುದು ಇಲ್ಲಿಯೇ.

ಹಾಗಂತ ಗಣಿಯೆಲ್ಲ ದೆಹಲಿಯದೇ ಎನ್ನುವಂತಿಲ್ಲ. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಯಧನ ತೆರಿಗೆಯಲ್ಲ, ಖನಿಜವಿರುವ ಭೂಮಿಗೆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿದೆ ಎಂದು 8–1ರ ಬಹುಮತದಲ್ಲಿ ತೀರ್ಪಿತ್ತಿತು. ತಕ್ಕಡಿ ಈ ಒಂದು ಕಡೆಯಾದರೂ ಬೆಂಗಳೂರಿನತ್ತ ವಾಲಿತು.

ನೀರಿನದು ಇನ್ನೊಂದು ಗೋಜಲು. ಅಣೆಕಟ್ಟು ನೋಡಿಕೊಳ್ಳುವ ತುಂಗಭದ್ರಾ ಮಂಡಳಿಯ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ, ಸದಸ್ಯರು ಕೇಂದ್ರ, ಕರ್ನಾಟಕ, ಆಂಧ್ರ, ತೆಲಂಗಾಣದವರು. ಆದರೆ ಗಂಗಾವತಿ, ಸಿಂಧನೂರು, ಮಾನ್ವಿಗೆ ನೀರುಣಿಸುವ ಎಡದಂಡೆ ಕಾಲುವೆ ಪೂರ್ತಿ ಕರ್ನಾಟಕದ್ದು. ಕೊನೆಭಾಗಕ್ಕೆ ನೀರು ಬಾರದಿದ್ದರೆ ಮಂಡಳಿಗೆ ಬರೆದು ಪ್ರಯೋಜನವಿಲ್ಲ, ರಾಜ್ಯದ ನೀರಾವರಿ ಅಧಿಕಾರಿಗಳಿಗೇ ಬರೆಯಬೇಕು. ಕಾಲುವೆಯ ಮೈಲ್ 69ರಲ್ಲಿರುವ ನೀರಿನ ಮಟ್ಟದ ಗೇಜ್ ಎಷ್ಟು ತೋರಿಸಿತು, ಯಾವ ದಿನ ಎಂದು ಹಾಕಿ. ಸಿರುಗುಪ್ಪದ ಕಡೆಯವರ ಲೆಕ್ಕ ಬೇರೆ. ಬಲದಂಡೆಯ ಕೆಳಮಟ್ಟದ ಕಾಲುವೆ ಆಂಧ್ರಕ್ಕೂ ಹೋಗುವುದರಿಂದ ಮುಖ್ಯ ಕಾಲುವೆಯ ಹರಿವಿನ ತಕರಾರು ಮಂಡಳಿಗೆ, ಉಪಕಾಲುವೆಯದು ರಾಜ್ಯಕ್ಕೆ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ 371(ಜೆ) ವಿಧಿ ಸಂವಿಧಾನದಲ್ಲೇ ಇದೆಯೆಂದು ಹೊಸಬರು ಮೋಸ ಹೋಗುತ್ತಾರೆ. ಅದರ ಮೀಸಲಾತಿ ರಾಜ್ಯದ ಹುದ್ದೆ, ಸೀಟುಗಳಿಗಷ್ಟೇ. ರೈಲ್ವೆಗಾಗಲಿ ದೋಣಿಮಲೈನಲ್ಲಿರುವ ಕೇಂದ್ರದ ಗಣಿ ಕಂಪನಿ ಎನ್‌ಎಂಡಿಸಿಗಾಗಲಿ ಅದನ್ನು ಹಿಡಿದುಕೊಂಡು ಹೋದರೆ ಉಪಯೋಗವಿಲ್ಲ. ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು (ಎಸಿ). ತಹಶೀಲ್ದಾರರ ವಾಸಸ್ಥಳ ಪತ್ರವನ್ನೇ ಲಗತ್ತಿಸಿ ಅವಕಾಶ ಕಳೆದುಕೊಳ್ಳಬೇಡಿ.

ಇಷ್ಟಾದರೂ ಹೊಣೆ ಯಾರದೆಂದು ತಿಳಿಯದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ: "ಈ ಕಾಮಗಾರಿಯ ಮಂಜೂರಾತಿ ಆದೇಶ ಹೊರಡಿಸಿದ ಪ್ರಾಧಿಕಾರ ಯಾವುದು, ಆದೇಶದ ಪ್ರತಿ ಕೊಡಿ." ಶುಲ್ಕ 10 ರೂಪಾಯಿ. ರಾಜ್ಯದ ಕಚೇರಿಗಾದರೆ ಒಂದೇ ವಿಷಯ, 150 ಪದದ ಮಿತಿ. ಇದನ್ನು ಮೀರಿದ ಅರ್ಜಿಯನ್ನು ಅದೇ ನೆಪದಲ್ಲಿ ತಿರುಗಿಸಬಹುದು. ತಪ್ಪು ಕಚೇರಿಗೆ ಹೋಗಿದ್ದರೂ 6(3)ನೇ ಸೆಕ್ಷನ್ ಪ್ರಕಾರ 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು. ವರ್ಗಾವಣೆಯ ಆ ಪತ್ರವನ್ನು ಎತ್ತಿಟ್ಟುಕೊಳ್ಳಿ. ಹೊಣೆ ಯಾರದೆಂದು ಕಚೇರಿಯೇ ಬರೆದುಕೊಟ್ಟ ಹಾಗಾಯಿತು. 30 ದಿನಕ್ಕೆ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಎರಡನೆಯದಕ್ಕೆ 90 ದಿನ: ರಾಜ್ಯದ ಕಚೇರಿಯಾದರೆ ಕರ್ನಾಟಕ ಮಾಹಿತಿ ಆಯೋಗಕ್ಕೆ, ಕೇಂದ್ರದ್ದಾದರೆ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ.