ಶೀಟ್ ಗೇಟಿನ ಪೇಂಟ್ ಏಳ್ತಾ ಇದ್ಯಾ? ಮೊದ್ಲು ಒಂದು ಚಕ್ಕೆ ಕಿತ್ತು ತಿರುಗಿಸಿ ನೋಡಿ

ನಮ್ಮ ಕಾರ್ ಶೆಡ್ಡಿನ ಗೇಟು 10 ಅಡಿ ಅಗಲ 6 ಅಡಿ ಎತ್ತರ, ಫ್ರೇಮು ಕಬ್ಬಿಣದ ಆಂಗಲ್‌ದು, ಮಧ್ಯೆ ಜಿಐ ಶೀಟು, ಮನೆ ಇರೋದು ಉಡುಪಿ ಕಡೆ, ಕಡಲು ಎರಡು ಕಿಲೋಮೀಟರೂ ಇಲ್ಲ. ದುಡ್ಡು ಕೊಟ್ಟು ಹೊಡೆಸಿದ ಪೇಂಟು ಒಂದೇ ಮಳೆಗಾಲಕ್ಕೆ ಹಪ್ಪಳದ ಥರ ಉಬ್ಬಿ ಏಳೋಕೆ ಶುರುವಾಯ್ತು, ಆಮೇಲೆ ನಾನೇ ಕೂತು ಮಾಡಿದೆ.

ಎದ್ದಿರೋ ಒಂದು ಚಕ್ಕೆ ಉಗುರಲ್ಲಿ ಕಿತ್ತು ಹಿಂದೆ ತಿರುಗಿಸಿ. ಕಂದು ಪುಡಿ ಅಂಟಿದ್ರೆ ಒಳಗಿಂದ ತುಕ್ಕು ಉಬ್ಬಿಸಿದೆ ಅಂತ. ಪುಡಿ ಏನೂ ಇಲ್ಲ, ಕೆಳಗೆ ಶೀಟು ಬೆಳ್ಳಗೆ ಹೊಳೀತಾ ಇದೆ ಅಂದ್ರೆ ಪೇಂಟು ಶುರುವಿಂದ್ಲೇ ಹಿಡ್ಕೊಂಡಿಲ್ಲ. ಜಿಐ ಅಂದ್ರೆ ಕಬ್ಬಿಣದ ಮೇಲೆ ಸತುವಿನ ಲೇಪ, ಅದ್ರ ಮೇಲೆ ನೇರವಾಗಿ ಸಿಂಥೆಟಿಕ್ ಎನಾಮಲ್ ಬಳಿದ್ರೆ ಪೇಂಟಲ್ಲಿರೋ ಎಣ್ಣೆ ಅಂಶ ತೇವ ಸಿಕ್ಕಿದಾಗ ಸತುವಿನ ಜೊತೆ ಸೇರಿ ಸೋಪಿನಂಥ ತೆಳು ಪದರ ಆಗುತ್ತೆ, ಸೋಪಿನ ಮೇಲೆ ಪೇಂಟ್ ನಿಲ್ಲುತ್ತಾ ಹೇಳಿ. ರೆಡ್ ಆಕ್ಸೈಡ್ ಪ್ರೈಮರ್ರೂ ಎಣ್ಣೆದೇ, ಅದೂ ಜಿಐ ಮೇಲೆ ನಿಲ್ಲಲ್ಲ. ನಮ್ಮ ಗೇಟಲ್ಲಿ ಎರಡೂ ಕಾಯಿಲೆ ಇತ್ತು, ಫ್ರೇಮಿಗೆ ತುಕ್ಕು, ಶೀಟಿಗೆ ಇದು.

ಮಳೆ ನಿಂತು ಗಾಳಿ ಒಣಗಿದ ಮೇಲೆ, ನಮ್ಮಲ್ಲಾದ್ರೆ ದೀಪಾವಳಿ ಕಳೆದ ಮೇಲೆ ಕೈ ಹಾಕಿ. ಮೊದ್ಲು ಸೋಪು ನೀರಲ್ಲಿ ಪೂರ್ತಿ ತೊಳೀರಿ, ಕಡಲ ಹತ್ರ ಇರೋರು ಇದನ್ನ ಬಿಡ್ಲೇಬಾರ್ದು, ಯಾಕಂದ್ರೆ ಉಪ್ಪು ಒಳಗೆ ಉಳಿದ್ರೆ ಮತ್ತೆ ಉಬ್ಬುತ್ತೆ.

ಕೆರೆಯೋದೇ ಅಸಲಿ ಕೆಲ್ಸ. ನಂಗೆ ಎರಡು ದಿನ ಇದಕ್ಕೇ ಹೋಯ್ತು, ಪೇಂಟ್ ಹೊಡೆಯೋಕೆ ಅರ್ಧ ದಿನಾನೂ ಬೇಡ. ಫ್ರೇಮಿಗೆ ವೈರ್ ಬ್ರಷ್ಷು, ಆಮೇಲೆ 80ನೇ ನಂಬರ್ ಎಮರಿ ಪೇಪರ್, ವೆಲ್ಡಿಂಗ್ ಜಾಯಿಂಟಿನ ಸಂದಿ ಮರೀಬೇಡಿ, ತುಕ್ಕು ಶುರುವಾಗೋದೇ ಅಲ್ಲಿ. ಶೀಟಿನ ಮೇಲೆ ಮಾತ್ರ ಗ್ರೈಂಡರ್ ಓಡಿಸ್ಬೇಡಿ, ಸತುವೇ ಎದ್ದು ಹೋಗುತ್ತೆ, ಚಪ್ಪಟೆ ಪಟ್ಟಿ ಬ್ಲೇಡಲ್ಲಿ ಹಳೇ ಪೇಂಟ್ ಎಬ್ಬಿಸಿ 180ನೇ ನಂಬರಲ್ಲಿ ಹಗುರಕ್ಕೆ ಉಜ್ಜಿ ಸಾಕು. ಗೇಟು ಹಳೇದಾದ್ರೆ ಒಣಗಿದ್ದಾಗ ಉಜ್ಜಬೇಡಿ, ಪೇಂಟಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮಿತಿ ಜಾರಿಗೆ ಬಂದಿದ್ದೇ 2017ರಲ್ಲಿ, ಅದಕ್ಕೂ ಹಿಂದಿನ ಪೇಂಟಿನ ಧೂಳಲ್ಲಿ ವಿಷದ ಸೀಸ ಇರಬಹುದು, ಹಾಗಾಗಿ ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನ ದೂರ ಇಡಿ, ಚಕ್ಕೆಗಳನ್ನ ಪೇಪರ್ ಹಾಸಿ ಹಿಡೀರಿ. ಪೂರ್ತಿ ಒಣಗಿದ ಮೇಲೆ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಫ್ರೇಮಿಗೆ ಅವತ್ತೇ ರೆಡ್ ಆಕ್ಸೈಡ್ ಹೊಡೀರಿ, ರಾತ್ರಿ ಇಬ್ಬನಿ ಬಿದ್ರೆ ಬೆಳಗ್ಗೆ ಮತ್ತೆ ಕೆಂಪಗಾಗಿರುತ್ತೆ. ಶೀಟಿಗೆ ಎಚ್ (etch) ಪ್ರೈಮರ್, ಅಂದ್ರೆ ಸತುವಿನ ಮೈಯನ್ನ ಸ್ವಲ್ಪ ಕೊರೆದು ಹಿಡ್ಕೊಳ್ಳೋ ಪ್ರೈಮರ್, ಎರಡು ಡಬ್ಬ ಬರುತ್ತೆ, ಒಂದ್ರಲ್ಲಿ ಆಸಿಡ್ ಇರುತ್ತೆ, ಗ್ಲೌಸ್ ಹಾಕಿ, ಡಬ್ಬದ ಮೇಲಿರೋ ಅಳತೆಗೆ ಅವತ್ತಿಗೆ ಬೇಕಾದಷ್ಟೇ ಕಲಸಿ ತೆಳ್ಳಗೆ ಬಳೀರಿ. ಹಳೇ ಪೇಂಟ್ ಉಳಿದಿರೋ ಜಾಗಕ್ಕೆ ಇದು ತಾಗಿದ್ರೆ ಅದು ಸುಕ್ಕಾಗಿ ಎದ್ದೇಳುತ್ತೆ, ನಾನು ಒಂದು ಮೂಲೆಯಲ್ಲಿ ಹೀಗೆ ಮಾಡ್ಕೊಂಡು ಮತ್ತೆ ಕೆರೆದೆ. ಇದ್ರ ಮೇಲೆ ಹಳದಿ ಜಿಂಕ್ ಕ್ರೋಮೇಟ್ ಪ್ರೈಮರ್ ಒಂದು ಕೋಟ್. ಮಾರನೇ ದಿನ ಬ್ಲೇಡಲ್ಲಿ ಸಣ್ಣಕೆ ಅಡ್ಡ ಉದ್ದ ಗೀರಿ ಸೆಲೋಟೇಪ್ ಒತ್ತಿ ಅಂಟಿಸಿ ಪಟ್ ಅಂತ ಎಳೀರಿ, ಟೇಪಿಗೆ ಹಳದಿ ಬರ್ಲಿಲ್ಲ ಅಂದ್ರೆ ಮುಂದೆ ಹೋಗಬಹುದು.

ಎನಾಮಲ್ ಎರಡು ತೆಳು ಕೋಟ್, ಮಧ್ಯೆ ಒಂದು ರಾತ್ರಿ ಬಿಡಿ. ಗೇಟು ಮುಟ್ಟಿದ್ರೆ ಸುಡುವಷ್ಟು ಬಿಸಿಲಿದ್ದಾಗ ಬೇಡ, ಬ್ರಷ್ ಗುರುತು ಹಾಗೇ ಕೂರುತ್ತೆ. ಕೆಳಗಿನ ಅಂಚು ಯಾರಿಗೂ ಕಾಣಲ್ಲ, ಆದ್ರೆ ನೀರು ನಿಲ್ಲೋದು ಅಲ್ಲೇ, ಹಾಗಾಗಿ ಮಲಗಿಯಾದ್ರೂ ಅಲ್ಲಿಗೆ ಮೂರನೇ ಕೋಟ್ ಹೊಡೀರಿ.

ಎರಡು ದಿನ ಗೇಟ್ ಮುಚ್ಚಬೇಡಿ, ಅಂಚು ಅಂಟ್ಕೊಳ್ಳುತ್ತೆ. ನಮ್ಮಲ್ಲಿ ನಾಯಿ ಇರೋದ್ರಿಂದ ರಾತ್ರಿ ಮುಚ್ಚಲೇಬೇಕಿತ್ತು, ಹಾಲಿನ ಪ್ಯಾಕೆಟ್ ಕತ್ತರಿಸಿ ಮಧ್ಯೆ ಸಿಕ್ಕಿಸಿದೆ.