ಮೇವು ನೋಡಿ ಹಸು ಕಟ್ಟಿದೆ

ನಾಗಮಂಗಲದ ಕಡೆ ನಮ್ಮದು ಮೂರು ಎಕರೆ ಜಮೀನು, ಒಂದು ಬೋರ್‌ವೆಲ್. ಇದೇ ಜಾಗದಲ್ಲಿ 2014ರಿಂದ ಎಂಟೊಂಬತ್ತು ವರ್ಷ ದೊಡ್ಡದಾಗಿ ಹೈನುಗಾರಿಕೆ ಮಾಡಿದೆ. ಹೆಚ್ಚೆಂದರೆ ನಲವತ್ತು ಹಸು ಕಟ್ಟಿದ್ದೆ, ಬಹುಪಾಲು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ಹೆಚ್ಚು ಹಾಲಿನ ವಿದೇಶಿ ತಳಿ). ಈಗ ಎರಡು ಹಸು, ಇನ್ನೂ ಈಯದ ಒಂದು ಪಡ್ಡೆ, ಐದಾರು ಕುರಿ, ಒಂದಷ್ಟು ನಾಟಿ ಕೋಳಿ ಇವೆ. ಮಿಕ್ಕ ಜಾಗದಲ್ಲಿ ರಾಗಿ, ಅದರ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು, ಮನೆ ಹಿಂದೆ ತೆಂಗು, ತರಕಾರಿ. ದೊಡ್ಡ ಫಾರ್ಮ್ ನಡೆಸುತ್ತಾ ಸಾಕಾಗಿರುವ ಸುಮಾರು ಜನ ನನ್ನನ್ನು ವಿಚಾರಿಸುತ್ತಾರೆ. ಅವರಿಗೆಲ್ಲ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ದೊಡ್ಡದರ ಲೆಕ್ಕ ಹೇಳುತ್ತೇನೆ. ಹಾಲು ಕೊಡುವ ಎಚ್‌ಎಫ್ ಹಸುವಿಗೆ ದಿನಕ್ಕೆ 25ರಿಂದ 30 ಕೆಜಿ ಹಸಿ ಮೇವು ಬೇಕು, ಜೊತೆಗೆ ಐದಾರು ಕೆಜಿ ಒಣ ಹುಲ್ಲು. ಹಿಂಡಿ ಬೂಸಾ ಮೈ ಕಾಪಾಡಿಕೊಳ್ಳಲು ಒಂದೂವರೆ ಕೆಜಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ನಲವತ್ತು ಹಸು ಅಂದರೆ ದಿನಕ್ಕೆ ಒಂದು ಟನ್ನಿಗೂ ಮೀರಿ ಹಸಿ ಮೇವು, ಐದು ಮೂಟೆ ಹಿಂಡಿ. ಕುಡಿಯೋಕೆ, ತೊಳೆಯೋಕೆ ಸೇರಿ ನಾಲ್ಕೈದು ಸಾವಿರ ಲೀಟರ್ ನೀರು. ಕೊಟ್ಟಿಗೆಯಿಂದ ಹೊರಗೆ ಬೀಳುವ ಸಗಣಿಯೇ ಸುಮಾರು ಒಂದು ಟನ್.

ನನ್ನ ಜಮೀನು ಕೊಡುತ್ತಿದ್ದದ್ದು ಹದಿನೈದು ಹಸುವಿಗೆ ಸಾಕಾಗುವಷ್ಟು ನೇಪಿಯರ್ ಹುಲ್ಲು ಮಾತ್ರ. ಮಿಕ್ಕಿದ್ದೆಲ್ಲ ಕೊಂಡಿದ್ದು. ಸೈಲೇಜ್ (ಗಾಳಿಯಾಡದ ಹಾಗೆ ಹುದುಗಿಸಿ ಇಟ್ಟ ಹಸಿ ಮೇವು) ಲಾರಿಯಲ್ಲಿ ಬರುತ್ತಿತ್ತು, ಹುಲ್ಲು ಟ್ರ್ಯಾಕ್ಟರಿನಲ್ಲಿ ಬರುತ್ತಿತ್ತು, ಹಿಂಡಿ ಮೂಟೆಗಳಲ್ಲಿ ಬರುತ್ತಿತ್ತು. ಹಾಲು ಕ್ಯಾನ್‌ಗಳಲ್ಲಿ ಹೊರಗೆ ಹೋಗುತ್ತಿತ್ತು. ಹಾಲಿನ ರೇಟು ನನ್ನ ಕೈಲಿಲ್ಲ, ಹಿಂಡಿಯ ರೇಟೂ ನನ್ನ ಕೈಲಿಲ್ಲ. ಲೀಟರಿಗೆ ಇಷ್ಟು ಅಂತ ಸರ್ಕಾರದ ಪ್ರೋತ್ಸಾಹಧನ ಇತ್ತು, ಅದೂ ಬಂದಾಗ ಬಂತು. ನಡುವೆ ಉಳಿಯುತ್ತಿದ್ದ ಅಂತರದಲ್ಲಿ ಕೂಲಿ, ಕರೆಂಟು, ಡಾಕ್ಟರ್ ಖರ್ಚು, ಬ್ಯಾಂಕಿನ ಕಂತು ಎಲ್ಲವೂ ಆಗಬೇಕಿತ್ತು. ಆಗುತ್ತಿತ್ತು ಕೂಡ. ನಾನು ನಷ್ಟವಾಗಿ ಬಿಟ್ಟವನಲ್ಲ, ಇದನ್ನು ಒತ್ತಿ ಹೇಳುತ್ತೇನೆ.

2022ರಲ್ಲಿ ಚರ್ಮಗಂಟು ರೋಗ ನಮ್ಮ ಕಡೆಗೂ ಬಂತು. ಬೆಳಗ್ಗೆ ಮೈ ತೊಳೆಯುವಾಗ ಒಂದು ಹಸುವಿನ ಕುತ್ತಿಗೆ ಮೇಲೆ ಅಡಿಕೆ ಗಾತ್ರದ ಗಂಟುಗಳು ಕೈಗೆ ಸಿಕ್ಕವು. ಸಂಜೆಗೆ ಮುಂಗಾಲು ಊದಿ, ಜ್ವರ ಏರಿ, ಮೇವು ಬಿಟ್ಟಿತು. ಇದು ನೊಣ, ಸೊಳ್ಳೆ, ಉಣ್ಣೆಯಿಂದ ಹರಡುವ ಕಾಯಿಲೆ. ಸಾಲಾಗಿ ನಲವತ್ತು ಹಸು ಕಟ್ಟಿರುವ ಕೊಟ್ಟಿಗೆಯಲ್ಲಿ ಯಾವುದನ್ನು ಎಲ್ಲಿಗೆ ಬೇರೆ ಮಾಡುವುದು? ಬೇವಿನ ಸೊಪ್ಪಿನ ಹೊಗೆ ಹಾಕಿದೆವು, ಮಿಕ್ಕ ಹಸುಗಳಿಗೆ ಆಗ ಈ ರೋಗಕ್ಕೆ ಕೊಡುತ್ತಿದ್ದ ಮೇಕೆ ಸಿಡುಬಿನ ಲಸಿಕೆ ಹಾಕಿಸಿದೆವು. ಬಹಳಷ್ಟು ಉಳಿದವು, ಆದರೆ ಹಾಲು ಇಳಿದುಹೋಯಿತು. ಗಬ್ಬವಿದ್ದ ಕೆಲವು ಕಂದು ಹಾಕಿದವು. ಆ ತಿಂಗಳುಗಳಲ್ಲೂ ಸೈಲೇಜ್ ಲಾರಿ ಬರಲೇಬೇಕಿತ್ತು, ಕಂತು ಕಟ್ಟಲೇಬೇಕಿತ್ತು. ಆಗಲೇ ಮನೆಯಲ್ಲಿ ಕೂತು ತೀರ್ಮಾನ ಮಾಡಿದೆವು. ನಮ್ಮ ಮೂರು ಎಕರೆ ಎಷ್ಟು ಹಸುವನ್ನು ಸಾಕುತ್ತದೋ ಅಷ್ಟೇ ಇರಬೇಕು ಅಂತ. ಅವ್ವ ಹೇಳಿದ್ದು ಒಂದೇ ಮಾತು: "ನಿಮ್ಮಪ್ಪನ ಕಾಲದಲ್ಲಿ ಬಣವೆ ನೋಡಿ ದನ ಕಟ್ತಿದ್ರು ಕಣಪ್ಪಾ."

ಇಳಿಸುವ ಕೆಲಸ ಒಂದೇ ಸಲಕ್ಕೆ ಮಾಡಬೇಡಿ. ಒಟ್ಟಿಗೆ ಮಾರಿದರೆ ದಲ್ಲಾಳಿ ಹೇಳಿದ್ದೇ ಬೆಲೆ. ನನಗೆ ಇದಕ್ಕೆ ಸುಮಾರು ಒಂದೂವರೆ ವರ್ಷ ಹಿಡಿಯಿತು. ಹೊಸದಾಗಿ ಕೊಳ್ಳುವುದನ್ನು ಮೊದಲ ದಿನವೇ ನಿಲ್ಲಿಸಿದೆ. ಎರಡನೇ ಸೂಲು, ಮೂರನೇ ಸೂಲಿನ ಹಸುಗಳನ್ನು ಈದು ಎರಡು ಮೂರು ವಾರಕ್ಕೆ, ಹಾಲು ಏರಿರುವಾಗ ಮಾರಿದೆ. ಬೆಲೆ ಸಿಗುವುದು ಆಗಲೇ. ಕೊಳ್ಳುವವರನ್ನು ಸಂಜೆ ಬರಹೇಳಿ, ಅವರ ಕೈಯಿಂದಲೇ ಕರೆಸಿ, ರಾತ್ರಿ ನಮ್ಮಲ್ಲೇ ಉಳಿಸಿಕೊಂಡು ಬೆಳಗ್ಗೆ ಮತ್ತೆ ಕರೆಸುತ್ತಿದ್ದೆ. ಎರಡು ಹೊತ್ತಿನ ಹಾಲು ಕಣ್ಣಾರೆ ನೋಡಿದ ಮೇಲೆ ಚೌಕಾಸಿ ಜಾಸ್ತಿ ಇರುವುದಿಲ್ಲ. ಸಂತೆಗೆ ಒಂದನ್ನೂ ಹೊಡೆದುಕೊಂಡು ಹೋಗಲಿಲ್ಲ. ಹಸು ಯಾರ ಕೊಟ್ಟಿಗೆಗೆ ಹೋಗುತ್ತದೆ ಅನ್ನುವುದು ನನಗೆ ಗೊತ್ತಿರಬೇಕಿತ್ತು.

ಕಷ್ಟ ಆಗುವುದು ಗೊಡ್ಡು ಮತ್ತು ಮುದಿ ಹಸುಗಳದು. 2021ರಲ್ಲಿ ಗೋಹತ್ಯೆ ನಿಷೇಧದ ಹೊಸ ಕಾಯ್ದೆ ಬಂದ ಮೇಲೆ ಅವನ್ನು ಕೇಳುವವರೇ ಇಲ್ಲ. ನಮ್ಮ ಎರಡು ಮುದಿ ಹಸು ನಮ್ಮಲ್ಲೇ ಇದ್ದು ಕಣ್ಣು ಮುಚ್ಚಿದವು. ವರ್ಷಗಟ್ಟಲೆ ಹಾಲು ಕೊಟ್ಟವು, ಅವಕ್ಕೆ ಅಷ್ಟು ಮಾಡುವುದು ನ್ಯಾಯ. ಆದರೆ ಅದಕ್ಕೂ ಮೇವು ಬೇಕು, ದುಡ್ಡು ಬೇಕು. ನೀವು ಲೆಕ್ಕ ಹಾಕುವಾಗ ಅದನ್ನು ಸೇರಿಸಿಕೊಳ್ಳಿ.

ಮಾರಿದ ದುಡ್ಡೆಲ್ಲ ನೇರವಾಗಿ ಸಾಲದ ಖಾತೆಗೆ ಹೋಯಿತು. ಹಾಲು ಕರೆಯುವ ಯಂತ್ರ, ದೊಡ್ಡ ಚಾಪ್ ಕಟರ್, ರಬ್ಬರ್ ಮ್ಯಾಟುಗಳೂ ಅದಕ್ಕೇ ಹೋದವು. ನನ್ನ ಅನುಭವದಲ್ಲಿ ಇದು ಎಲ್ಲಕ್ಕಿಂತ ಮುಖ್ಯ. ಸಣ್ಣ ಹಿಡುವಳಿಯಲ್ಲಿ ಬರುವ ದುಡ್ಡು ಮನೆ ನಡೆಸುತ್ತದೆ, ಬಡ್ಡಿ ಕಟ್ಟುವುದಿಲ್ಲ. ಸಾಲ ಇಟ್ಟುಕೊಂಡು ಹಸು ಕಡಿಮೆ ಮಾಡಿದರೆ ಆರು ತಿಂಗಳಲ್ಲಿ ಮತ್ತೆ ಹಸು ಕೊಳ್ಳಬೇಕಾಗುತ್ತದೆ.

ಇನ್ನು ಎರಡೇ ಹಸು ಯಾಕೆ? ಮೇವು ಹೇಳಿದ ಲೆಕ್ಕ ಅದು. ಎರಡು ಎಕರೆ ಮಳೆಯಾಶ್ರಿತ ರಾಗಿ. ಮಳೆ ಸುಮಾರಾಗಿ ಆದರೂ ಎಕರೆಗೆ ಒಂದೂವರೆಯಿಂದ ಎರಡು ಟನ್ ಹುಲ್ಲು ಬರುತ್ತದೆ. ಒಂದು ಹಸುವಿಗೆ ವರ್ಷಕ್ಕೆ ಹತ್ತಿರ ಹತ್ತಿರ ಎರಡು ಟನ್ ಒಣ ಹುಲ್ಲು ಬೇಕು. ಹಸಿ ಮೇವಿಗೆ ಹತ್ತು ಗುಂಟೆ ನೇಪಿಯರ್. ನಾಟಿ ಮಾಡಿ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ನಲವತ್ತೈದು ದಿನಕ್ಕೊಮ್ಮೆ. ನೀರು, ಗೊಬ್ಬರ ಸರಿಯಾಗಿ ಕೊಟ್ಟರೆ ಅಷ್ಟರಲ್ಲೇ ಎರಡು ಹಸು ತಿನ್ನುತ್ತವೆ. ಬೇಲಿಯಲ್ಲಿ ಅಗಸೆ, ಗ್ಲಿರಿಸಿಡಿಯಾ, ಸುಬಾಬುಲ್ ಅನ್ನುವ ಸೊಪ್ಪಿನ ಮರಗಳನ್ನು ಹಾಕಿದ್ದೇನೆ. ಈ ಸೊಪ್ಪಿನಿಂದ ಹಿಂಡಿಯ ಖರ್ಚು ಸ್ವಲ್ಪ ಇಳಿದಿದೆ. ಅಕ್ಕಡಿಯ ಅವರೆ, ತೊಗರಿಯ ಹೊಟ್ಟನ್ನೂ ಎಸೆಯುವುದಿಲ್ಲ. ಈಗಲೂ ಕೊಳ್ಳುವುದು ಒಂದಷ್ಟು ಹಿಂಡಿ, ಖನಿಜ ಮಿಶ್ರಣ, ಉಪ್ಪು.

ಸಗಣಿಯ ಲೆಕ್ಕವೂ ಇದಕ್ಕೇ ಕೂಡಿಕೊಂಡಿತು. ಎರಡು ಹಸುವಿನಿಂದ ದಿನಕ್ಕೆ ನಲವತ್ತು ಕೆಜಿ ಸಗಣಿ. ಉಳಿದ ಹುಲ್ಲು, ಕಸ, ಗಂಜಲ ಎಲ್ಲ ಸೇರಿ ತಿಪ್ಪೆಯಲ್ಲಿ ಕಳಿತರೆ ವರ್ಷಕ್ಕೆ ಆರೇಳು ಟನ್ ಗೊಬ್ಬರ. ರಾಗಿಗೆ ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಹಾಕಿ ಅಂತ ಕೃಷಿ ವಿಶ್ವವಿದ್ಯಾಲಯದವರು ಹೇಳುತ್ತಾರೆ. ನನ್ನ ಎರಡು ಎಕರೆಗೆ ಬೇಕಾದಷ್ಟು ಅಲ್ಲಿಗೆ ಆಯಿತು. ದೊಡ್ಡ ಫಾರ್ಮಿನಲ್ಲಿ ಇದೇ ಸಗಣಿ ತಲೆನೋವಾಗಿತ್ತು. ಮಳೆಗಾಲದಲ್ಲಿ ಹರಿದು ಪಕ್ಕದವರ ಬದುವಿಗೆ ಹೋಗಿ ಜಗಳಕ್ಕೆ ಕಾರಣವಾಗುತ್ತಿತ್ತು.

ಉಳಿಸಿಕೊಂಡ ಹಸುಗಳು ನನ್ನಲ್ಲಿದ್ದ ಅತಿ ಹೆಚ್ಚು ಹಾಲಿನವಲ್ಲ. ಎರಡೂ ಜರ್ಸಿ ಮಿಶ್ರತಳಿ, ಹಾಲು ಏರಿದಾಗ ಒಂಬತ್ತು ಹತ್ತು ಲೀಟರ್. ಆದರೆ ಗೊರಸು ಗಟ್ಟಿ, ಬಿಸಿಲು ತಡೆಯುತ್ತವೆ, ಬೆದೆ ಚೆನ್ನಾಗಿ ತೋರಿಸುತ್ತವೆ, ಬೇಗ ಗಬ್ಬ ಕಟ್ಟುತ್ತವೆ. ಫ್ಯಾಟು ನಾಲ್ಕರ ಮೇಲೆ ಬರುವುದರಿಂದ ಡೇರಿಯಲ್ಲಿ ರೇಟೂ ಪರವಾಗಿಲ್ಲ. ಹಳ್ಳಿಕಾರ್, ಮಲೆನಾಡು ಗಿಡ್ಡ ಕಟ್ಟಬಾರದಿತ್ತಾ ಅಂತ ಕೇಳುವವರಿದ್ದಾರೆ. ಆ ತಳಿಗಳ ಮೇಲೆ ನನಗೆ ಗೌರವವಿದೆ. ಆದರೆ ಗಿಡ್ಡ ಕೊಡುವುದು ಎರಡು ಮೂರು ಲೀಟರ್, ಹಳ್ಳಿಕಾರ್ ಉಳುಮೆಗೆ ಹೆಸರಾದ ತಳಿ. ಡೇರಿ ಬಟವಾಡೆ ನೆಚ್ಚಿಕೊಂಡಿರುವ ಮನೆಗೆ ಹಾಲಿನ ಹಸುವೇ ಬೇಕು.

ಎರಡೂ ಒಟ್ಟಿಗೆ ಬತ್ತದಂತೆ ನೋಡಿಕೊಳ್ಳಬೇಕು. ಗಬ್ಬ ಒಂಬತ್ತು ತಿಂಗಳು ಚಿಲ್ಲರೆ, ಈಯುವುದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸಬೇಕು. ಆದ್ದರಿಂದ ಒಂದು ಆಷಾಢದ ಸುಮಾರಿಗೆ ಈದರೆ ಇನ್ನೊಂದು ಸಂಕ್ರಾಂತಿ ಆಸುಪಾಸಿಗೆ ಈಯುವ ಹಾಗೆ ಗರ್ಭಧಾರಣೆ ಮಾಡಿಸುತ್ತೇನೆ. ಬೆಳಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮಾರನೇ ಬೆಳಗ್ಗೆ. ವರ್ಷ ಕಳೆದ ಹಾಗೆ ಒಂದೆರಡು ತಿಂಗಳು ಆಚೀಚೆ ಜರುಗುತ್ತದೆ, ಆಗ ಒಂದೆರಡು ಬೆದೆ ಬಿಟ್ಟು ಸರಿಮಾಡಿಕೊಳ್ಳಬಹುದು.

ಈಗ ನಾನೂ ನನ್ನ ಹೆಂಡತಿಯೂ ಕೈಯಲ್ಲೇ ಕರೆಯುತ್ತೇವೆ. ಕೆಚ್ಚಲು ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಪ್ರತಿ ಮೊಲೆಯಿಂದ ಮೊದಲ ಎರಡು ಮೂರು ಸೆಳೆ ಹಾಲನ್ನು ಕಪ್ಪು ಬಟ್ಟೆ ಬಿಗಿದ ಲೋಟಕ್ಕೆ ಬಿಡುತ್ತೇವೆ. ಚೂರು ಗರಣೆ ಇದ್ದರೂ ಕಪ್ಪು ಬಟ್ಟೆ ಮೇಲೆ ಎದ್ದು ಕಾಣುತ್ತದೆ. ಅದಕ್ಕೂ ಮುಂಚೆ ಅಂಗೈಗೇ ಗೊತ್ತಾಗುತ್ತದೆ: ಕೆಚ್ಚಲಿನ ಒಂದು ಮೂಲೆ ಮಿಕ್ಕವಕ್ಕಿಂತ ಬಿಸಿ, ಸ್ವಲ್ಪ ಗಟ್ಟಿ, ಹಸು ಕಾಲು ಎತ್ತಿ ಇಡುತ್ತದೆ. ಕೆಚ್ಚಲು ಬಾವು ಈ ಹಂತದಲ್ಲಿ ಸಿಕ್ಕರೆ ಪದೇ ಪದೇ ಹಿಂಡಿ ಖಾಲಿ ಮಾಡಿ, ಡಾಕ್ಟರನ್ನು ಕರೆಸಿ ಬೇಗ ವಾಸಿ ಮಾಡಬಹುದು. ಆ್ಯಂಟಿಬಯೋಟಿಕ್ ಕೊಟ್ಟರೆ ಡಾಕ್ಟರ್ ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕುವುದಿಲ್ಲ, ಮನೆಗೂ ಬಳಸುವುದಿಲ್ಲ. ಕರೆದಾದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸು ಅರ್ಧ ಗಂಟೆ ಮಲಗದ ಹಾಗೆ ಗೋದಲಿಗೆ ಹುಲ್ಲು ಹಾಕುತ್ತೇವೆ. ನಲವತ್ತು ಹಸುಗಳಿಗೆ ಯಂತ್ರ ಹಾಕುತ್ತಿದ್ದಾಗಲೂ ಈ ನಿಯಮಗಳಿದ್ದವು. ಪ್ರತಿ ಕೆಚ್ಚಲಿನ ಮೇಲೂ ಇಷ್ಟು ಹೊತ್ತು ಕೈ ಇಡಲು ಯಾರಿಗೂ ಪುರುಸೊತ್ತಿರಲಿಲ್ಲ ಅಷ್ಟೇ.

ಕುರಿ ಕೋಳಿ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬನ್ನೂರು ಕುರಿಯ ಟಗರು ಮರಿಗಳನ್ನು ಮೂರು ನಾಲ್ಕು ತಿಂಗಳಿದ್ದಾಗ ತಂದು ಯುಗಾದಿಯ ಹೊಸತೊಡಕಿಗೆ ಅಥವಾ ಬಕ್ರೀದಿಗೆ ಕೊಡುತ್ತೇನೆ. ತಂದ ಕೂಡಲೇ ಜಂತುಹುಳದ ಔಷಧಿ, ಪಿಪಿಆರ್ (ಕುರಿ ಮೇಕೆಯ ಪ್ಲೇಗ್) ಮತ್ತು ಇಟಿ (ಕರುಳುಬೇನೆ) ಲಸಿಕೆ ಆಗಲೇಬೇಕು. ಕೋಳಿಗಳು ತಿಪ್ಪೆ ಕೆದಕಿ, ರಾಗಿ ಕೇರಿದ ಜಳ್ಳು ತಿಂದು ಬೆಳೆಯುತ್ತವೆ. ಕೊಕ್ಕರೆ ರೋಗಕ್ಕೆ ಮಾತ್ರ ಲಸಿಕೆ ತಪ್ಪಿಸಬೇಡಿ, ಅದು ಬಂದರೆ ಒಂದು ವಾರದಲ್ಲಿ ಗೂಡು ಖಾಲಿ.

ದುಡ್ಡು ಈಗ ಚಿಲ್ಲರೆ ಚಿಲ್ಲರೆಯಾಗಿ ಬರುತ್ತದೆ. ಡೇರಿಯ ಬಟವಾಡೆ, ಮೊಟ್ಟೆ, ವರ್ಷಕ್ಕೊಮ್ಮೆ ಟಗರು, ತೆಂಗಿನಕಾಯಿ, ಅವರೆಕಾಯಿ ಸೀಸನ್ನಿನಲ್ಲಿ ಸ್ವಲ್ಪ. ಮೊದಲಿನಷ್ಟು ದೊಡ್ಡ ಮೊತ್ತ ಕೈಗೆ ಬರುವುದಿಲ್ಲ, ಬಂದ ದಿನವೇ ಕೈಬಿಟ್ಟು ಹೋಗುವುದೂ ಇಲ್ಲ. ರಾಗಿ, ಕಾಳು, ಹಾಲು, ತುಪ್ಪ ಮನೆಯದೇ. ಮಗಳ ಕಾಲೇಜು ಫೀಸಿಗೆ ಮುಂಚೆಯೇ ಯೋಚಿಸಿ ಟಗರು ಸಾಕಿಟ್ಟಿರಬೇಕು. ಹಾಗೆ ತಿಂಗಳು ನೋಡಿ ಹೊಂದಿಸುವುದನ್ನು ನನ್ನ ಹೆಂಡತಿ ನನಗಿಂತ ಚೆನ್ನಾಗಿ ಮಾಡುತ್ತಾಳೆ, ಲೆಕ್ಕದ ಪುಸ್ತಕ ಅವಳ ಕೈಲೇ ಇದೆ.

ಸುಮ್ನೆ ಆರಾಮಾಗಿರಬಹುದು ಅಂತ ಈ ಕಡೆ ಬರಬೇಡಿ. ಎರಡೇ ಹಸು ಇದ್ದರೂ ಬೆಳಗ್ಗೆ ಐದಕ್ಕೆ, ಸಂಜೆ ಐದಕ್ಕೆ ಕೊಟ್ಟಿಗೆಯಲ್ಲಿ ಇರಲೇಬೇಕು. ಕೂಲಿಯವರಿಲ್ಲ. ಮದುವೆ, ಹಬ್ಬ ಅಂತ ಊರು ಬಿಡಬೇಕಾದರೆ ಪಕ್ಕದ ಮನೆಯವರು ನಮ್ಮ ಹಸು ಕರೆಯುತ್ತಾರೆ, ಅವರು ಹೋದಾಗ ಅವರದನ್ನು ನಾವು. ರಾಗಿ ಕೊಯ್ಲಿಗೂ ಹೀಗೇ ಮುಯ್ಯಾಳು. ಇಂಥ ಎರಡು ಮೂರು ಮನೆ ಹತ್ತಿರ ಇಲ್ಲದಿದ್ದರೆ ಸಣ್ಣ ಹಿಡುವಳಿ ಬಹಳ ಕಷ್ಟ. ಜಮೀನು, ನೀರು ನೋಡುವಾಗ ಇದನ್ನೂ ನೋಡಿ.

ನಮ್ಮ ಪಡ್ಡೆ ಈಗ ಗಬ್ಬವಾಗಿದೆ. ಅದು ಈದರೆ ಕರೆಯುವ ಹಸು ಮೂರಾಗುತ್ತವೆ, ಮೇವಿರುವುದು ಎರಡಕ್ಕೆ. ಹಿರಿಯ ಹಸುವನ್ನು ಪಕ್ಕದೂರಿನಲ್ಲಿ ಹೊಸದಾಗಿ ಹಸು ಕಟ್ಟುತ್ತಿರುವ ಒಂದು ಮನೆಗೆ ಕೊಡುವುದು ಅಂತ ಮಾತಾಗಿದೆ. ಹೋದ ವಾರ ಅವರ ಹುಲ್ಲಿನ ಬಣವೆ ನೋಡಿಕೊಂಡು ಬಂದೆ. ಒಂದು ಹಸುವಿಗೆ ಧಾರಾಳವಾಗಿ ಸಾಲುತ್ತದೆ.